ವಸಂತದಲ್ಲಿ ಹೂ ಬಿಡುವ ಹಿತ್ತಲಿನ ಗಿಡಗಳೂ ಅವುಗಳಿಗೆ ತಕ್ಕ ಮೂಲೆಗಳೂ

ಚೈತ್ರ ವೈಶಾಖಗಳು ವಸಂತ ಋತುವೆಂಬುದು ಸರ್ವರಿಗೂ ವಿದಿತವಾದ ವಿಷಯವೇ. ಆದರೆ ಕನ್ನಡನಾಡಿನ ಬಯಲುಸೀಮೆಯಲ್ಲಿ ಈ ಎರಡು ತಿಂಗಳು ಒಕ್ಕಲಿಗನ ಕಣ್ಣಿಗೆ ಅಷ್ಟೇನೂ ರಮ್ಯವಾದ ಕಾಲವಲ್ಲ. ರಾಗಿಯ ಹೊಲ ಕೊಯ್ಲಾಗಿ ಬಯಲಾಗಿರುತ್ತದೆ. ಕೆರೆಯ ನೀರು ತೂಬಿನಿಂದ ಕೆಳಗಿಳಿದಿರುತ್ತದೆ. ಸೇದುವ ಬಾವಿ ಇರುವ ಮನೆಯಲ್ಲಿ ಹಗ್ಗಕ್ಕೆ ಇನ್ನೆರಡು ಮಾರು ಸೇರಿಸಬೇಕಾಗುತ್ತದೆ. ಕೊಳವೆ ಬಾವಿ ಇರುವಲ್ಲಿಯೂ ನೀರು ತಡೆತಡೆದು ಬರುತ್ತದೆ. ಇಂತಹ ಬರಡು ಕಾಲದಲ್ಲಿಯೇ ಬೇಲಿಯ ಹೊಂಗೆ ತಳಿರೊಡೆದು ಹೂವಾಗುತ್ತದೆ, ಬೇವು ಯುಗಾದಿಯ ಬೇವುಬೆಲ್ಲಕ್ಕೆ ಹೂ ಒದಗಿಸುತ್ತದೆ, ಬಚ್ಚಲ ಬದಿಯ ಮಲ್ಲಿಗೆ ಸಂಜೆಯ ಹೊತ್ತಿಗೆ ಮನೆಯನ್ನೆಲ್ಲ ಗಮಗಮಿಸುವಂತೆ ಮಾಡುತ್ತದೆ. ಹೊಲದಲ್ಲಿ ಹಸುರೆಂಬುದೇ ಇಲ್ಲದಿರುವಾಗ ಹಿತ್ತಲು ಹೂವಾಗುವುದು ಹೇಗೆಂಬುದನ್ನು ಯೋಚಿಸುವವರು ವಿರಳ.

ಒಂದೇ ಗೋಡೆಯ ಎರಡು ಬದಿಗಳಲ್ಲಿ, ಒಂದೇ ಜಾತಿಯ ಮಣ್ಣಿನಲ್ಲಿ, ಒಂದೇ ತಾಯಿಗಿಡದಿಂದ ತಂದ ಮಲ್ಲಿಗೆಗಳಿದ್ದು, ಒಂದು ಕಡೆ ಚೈತ್ರದಲ್ಲಿ ಬುಟ್ಟಿ ತುಂಬ ಮೊಗ್ಗು ಬಂದು, ಇನ್ನೊಂದು ಕಡೆ ಕಪ್ಪುಹಸುರಿನ ಎಲೆಯ ಹೊರತು ಏನೂ ಬಾರದಿರುವುದನ್ನು ಹಳ್ಳಿಗಳಲ್ಲಿ ಧಾರಾಳವಾಗಿ ಕಾಣಬಹುದು. ವಿಚಾರಿಸಿ ನೋಡಿದರೆ ಹೂವಿಲ್ಲದ ಹಿತ್ತಲಿನ ಯಜಮಾನನೇ ಹೆಚ್ಚು ಆರೈಕೆ ಮಾಡಿದವನಾಗಿರುತ್ತಾನೆ. ಆತನು ದೀಪಾವಳಿಯಿಂದ ಮೊದಲುಗೊಂಡು ಒಂದು ದಿನವೂ ತಪ್ಪದೆ ನೀರು ಹಾಯಿಸಿರುತ್ತಾನೆ. ಕೊಟ್ಟಿಗೆಯ ಗಂಜಲವನ್ನೆಲ್ಲ ಆ ಗಿಡದ ಬುಡಕ್ಕೇ ತಿರುಗಿಸಿರುತ್ತಾನೆ. ಗಿಡ ಸೊಂಪಾಗಿದೆಯೆಂಬ ಸಂತೋಷದಿಂದ ಒಂದು ಕಡ್ಡಿಯನ್ನೂ ಕತ್ತರಿಸಿರುವುದಿಲ್ಲ. ಕಡೆಗೆ ದೃಷ್ಟಿ ತಾಕಿತೆಂದೋ, ಜಾತಿ ಕೆಟ್ಟದ್ದೆಂದೋ ಹೇಳಿ ಗಿಡವನ್ನು ಕೀಳಿಸುವವರೂ ಉಂಟು. ಜಾತಿಯಲ್ಲಿ ದೋಷವೇನೂ ಇಲ್ಲ, ಕೊರತೆಯಾಗಿರುವುದು ವಿಶ್ರಾಂತಿ.

ಹೂವು ಹುಟ್ಟುವ ಕಾಲ

ವಸಂತದಲ್ಲಿ ಅರಳುವ ಹೂವು ವಸಂತದಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಬೇಕಾದ ಸಿದ್ಧತೆ ಹೇಮಂತ ಶಿಶಿರಗಳಲ್ಲಿ, ಅಂದರೆ ಗಿಡವು ಮಲಗಿದಂತೆ ತೋರುವ ದಿನಗಳಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ಗಿಡವು ಎಲೆ ಕಡ್ಡಿಗಳನ್ನು ಬೆಳೆಸುತ್ತದೆ. ಮಳೆ ನಿಂತು, ಭೂಮಿ ಒಣಗಿ, ರಾತ್ರಿಯ ಚಳಿ ತಾಕಿದಾಗ ಆ ಬೆಳವಣಿಗೆ ನಿಂತು, ಎಲೆಗಳಲ್ಲಿ ತಯಾರಾದ ಆಹಾರವು ಕಡ್ಡಿಗಳಲ್ಲಿ ಶೇಖರವಾಗುತ್ತದೆ. ಹೀಗೆ ಶೇಖರವಾದ ಸತ್ವದಿಂದಲೇ ಮುಂದೆ ಮೊಗ್ಗು ಮೂಡಬೇಕು. ಈ ಕಾಲದಲ್ಲಿ ಯಥೇಚ್ಛವಾಗಿ ನೀರೂ ಗಂಜಲವೂ ದೊರೆತರೆ ಗಿಡವು ಮಳೆಗಾಲವೇ ಮುಂದುವರಿಯಿತೆಂಬಂತೆ ಮತ್ತೆ ಚಿಗುರಿ, ಕೂಡಿಟ್ಟ ಸತ್ವವನ್ನೆಲ್ಲ ಎಲೆಗೆ ವೆಚ್ಚಮಾಡುತ್ತದೆ.

ಇದಕ್ಕೆ ಕೊಡಗು ಚಿಕ್ಕಮಗಳೂರು ಸೀಮೆಗಳ ಕಾಫಿ ತೋಟಗಳೇ ಉತ್ತಮ ನಿದರ್ಶನ. ಅಲ್ಲಿ ಕಾಫಿಯ ಮೊಗ್ಗು ಬೇಸಗೆಯ ಒಣಹವೆಯಲ್ಲಿ ಹಸುರು ಕಡ್ಡಿಯಂತೆ ಮುದುಡಿಕೊಂಡಿರುತ್ತದೆ. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾಗುವಷ್ಟರಲ್ಲಿ ಇಡೀ ತೋಟ ಒಮ್ಮೆಲೇ ಬೆಳ್ಳಗಾಗುತ್ತದೆ. ಒಣಗಿದ ಕಾಲವೂ ಬೇಕು, ಆಮೇಲಿನ ಮಳೆಯೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಫಸಲು ಕುಂದುತ್ತದೆ. ಕಾಫಿಯ ಧಣಿಗಳು ಆಕಾಶವನ್ನು ನೋಡುತ್ತ ಕಾಯುವುದನ್ನು ಹಿತ್ತಲಿನ ಯಜಮಾನನು ತನ್ನ ಬಚ್ಚಲ ಕಾಲುವೆಯಿಂದಲೇ ಮಾಡಬಹುದು. ನೀರು ನಿಲ್ಲಿಸುವುದೂ ಬಿಡುವುದೂ ಆತನ ಕೈಯಲ್ಲಿಯೇ ಇದೆ.

ಇನ್ನೊಂದು ಭೇದವನ್ನು ಮೊದಲೇ ತಿಳಿದಿರಬೇಕು. ಕೆಲವು ಗಿಡಗಳು ಹಿಂದಿನ ವರ್ಷ ಬೆಳೆದು ಬಲಿತ ಕಡ್ಡಿಯ ತುದಿಯಲ್ಲಿ ಹೂ ಬಿಡುತ್ತವೆ. ಮಾವು ಈ ವರ್ಗಕ್ಕೆ ಸೇರಿದುದು. ಮತ್ತೆ ಕೆಲವು ಅದೇ ವರ್ಷ ಒಡೆದ ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ. ಮಲ್ಲಿಗೆ ಈ ವರ್ಗದ್ದು. ಆದಕಾರಣ ಚಳಿಗಾಲದಲ್ಲಿ ಮಲ್ಲಿಗೆಯನ್ನು ಕತ್ತರಿಸುವುದು ಹೂವಿಗೆ ದಾರಿ. ಅದೇ ಕತ್ತಿಯನ್ನು ಮಾವಿಗೆ ಹಾಕುವುದು ಹೂವಿಗೆ ಕೇಡು. ಒಂದೇ ದಿನ ಒಬ್ಬನೇ ಆಳಿನ ಕೈಗೆ ಕತ್ತಿಯನ್ನು ಕೊಟ್ಟು ಹಿತ್ತಲನ್ನೆಲ್ಲ ‘ಶುದ್ಧಿ’ ಮಾಡಿಸುವ ಪದ್ಧತಿಯಿಂದ ಆಗುವಷ್ಟು ನಷ್ಟ ಹುಳುವಿನಿಂದಲೂ ಆಗುವುದಿಲ್ಲ.

ಬಚ್ಚಲ ಮೂಲೆ

ಪ್ರತಿ ಮನೆಯಲ್ಲಿಯೂ ಗಿಡಗಳಿಗೆ ಮೀಸಲಾದ ಒಂದು ಮೆಚ್ಚಿನ ಮೂಲೆ ಇದ್ದೇ ಇರುತ್ತದೆ. ಅದು ಬಹುಮಟ್ಟಿಗೆ ಬಚ್ಚಲ ನೀರು ಹರಿದು ಹೋಗುವ ಸ್ಥಳ. ಬಟ್ಟೆ ಒಗೆಯುವ ಕಲ್ಲು, ಪಾತ್ರೆ ಬೆಳಗುವ ಜಾಗ, ಬಾವಿ ಅಥವಾ ನಲ್ಲಿ ಎಲ್ಲವೂ ಹತ್ತಿರದಲ್ಲಿಯೇ ಇದ್ದು, ಮನೆಯ ಹೆಂಗಸರು ದಿನದಲ್ಲಿ ಹತ್ತು ಸಲ ಅಲ್ಲಿಗೆ ಬಂದು ಹೋಗುತ್ತಾರೆ. ಹೂವಿನ ಗಿಡವನ್ನು ಬಂದವರಿಗೆ ಕಾಣಲೆಂದು ಮುಂಬಾಗಿಲಲ್ಲಿ ನೆಡುವ ಹವ್ಯಾಸ ಈಗ ಹೆಚ್ಚಾಗಿದೆ. ಆದರೆ ಮೊಗ್ಗು ಬಿಡಿಸುವವರ ಕೈಗೂ ಕಣ್ಣಿಗೂ ಸಮೀಪವಿರುವ ಗಿಡವೇ ಚೆನ್ನಾಗಿ ಬಾಳುತ್ತದೆ; ಹುಳು ಬಿದ್ದರೆ ಮೊದಲ ದಿನವೇ ತಿಳಿಯುತ್ತದೆ.

ಬೇಸಗೆಯಲ್ಲಿ ಹೂವಿನ ಗಿಡಕ್ಕಾಗಿ ಕುಡಿಯುವ ನೀರನ್ನು ಹೊರಿಸುವುದು ನ್ಯಾಯವೂ ಅಲ್ಲ, ಅವಶ್ಯಕವೂ ಅಲ್ಲ. ಮನೆಯಲ್ಲಿ ಐದು ಜನರಿದ್ದು ತಲೆಗೆ ೧೫ ಲೀಟರಿನಂತೆ ಸ್ನಾನಕ್ಕೆ ಬಳಸಿದರೂ ದಿನಕ್ಕೆ ೭೫ ಲೀಟರು, ವಾರಕ್ಕೆ ೫೨೫ ಲೀಟರು ನೀರು ಬಚ್ಚಲಿನಿಂದ ಹೊರಬೀಳುತ್ತದೆ. ಮಲ್ಲಿಗೆಯ ಗಿಡ ಒಂದಕ್ಕೆ ಸಲಕ್ಕೆ ೨೦ ಲೀಟರಿನಂತೆ ವಾರಕ್ಕೆ ಎರಡು ಸಲ ಹಾಕುವುದಾದರೆ, ಹತ್ತು ಹನ್ನೆರಡು ಗಿಡಗಳಿಗೆ ಈ ನೀರೇ ಸಾಕು. ಬಟ್ಟೆ ಒಗೆದ ನೀರನ್ನು ಮಾತ್ರ ಬೇರೆ ಕಡೆಗೆ ಬಿಡತಕ್ಕದ್ದು. ಈಗಿನ ಸಾಬೂನು ಪುಡಿಗಳಲ್ಲಿರುವ ಸೋಡದ ಲವಣವು ಕಾಲಕ್ರಮದಲ್ಲಿ ಮಣ್ಣನ್ನು ಬಿಗಿಯಾಗಿಸಿ, ನೀರು ಇಂಗದಂತೆ ಮಾಡುತ್ತದೆ. ಎಲೆಯ ಅಂಚು ಸುಟ್ಟಂತಾಗಿ, ಪಾತಿಯ ಮೇಲೆ ಬಿಳಿಯ ಹೊಪ್ಪಳೆ ಕಾಣಿಸಿಕೊಂಡರೆ ಆ ದೋಷವೆಂದು ಸಂಶಯಪಡಬೇಕು.

ಆದರೆ ಬಚ್ಚಲ ಮೂಲೆಯ ಗುಣವೇ ಅದರ ದೋಷವೂ ಆಗಿದೆ. ಅಲ್ಲಿ ವರ್ಷದ ಮುನ್ನೂರ ಅರವತ್ತೈದು ದಿನವೂ ನೀರು ತಪ್ಪುವುದಿಲ್ಲ. ಹಿಂದೆ ಹೇಳಿದ ವಿಶ್ರಾಂತಿ ಗಿಡಕ್ಕೆ ದೊರೆಯುವುದೇ ಇಲ್ಲ. ಆದ್ದರಿಂದ ಬಚ್ಚಲ ಕಾಲುವೆಯನ್ನು ಕವಲೊಡೆಸಿ ಎರಡು ದಾರಿ ಮಾಡುವುದು ಯುಕ್ತ. ಒಂದು ಕವಲಿನಲ್ಲಿ ಬಾಳೆ, ಕೆಸು ಮುಂತಾದ ಸದಾ ನೀರು ಬಯಸುವ ಗಿಡಗಳನ್ನೂ, ಮತ್ತೊಂದರಲ್ಲಿ ಮಲ್ಲಿಗೆಯನ್ನೂ ಇಟ್ಟುಕೊಳ್ಳಬೇಕು. ಕವಲಿನ ಬಾಯಿಗೆ ಒಂದು ಇಟ್ಟಿಗೆಯನ್ನೋ ಚಪ್ಪಡಿಯ ಚೂರನ್ನೋ ಅಡ್ಡವಿಟ್ಟರೆ ನೀರು ಬೇಕಾದ ಕಡೆಗೆ ತಿರುಗುತ್ತದೆ. ಇದಕ್ಕೆ ಒಂದು ಬೆಳಗಿನ ಕೆಲಸ ಸಾಕು. ಕಾಲುವೆಗೆ ಸ್ವಲ್ಪ ಇಳಿಜಾರು ಇರಬೇಕು. ನೀರು ಗುಂಡಿಯಲ್ಲಿ ನಿಂತರೆ ಸೊಳ್ಳೆಯ ಮರಿಗಳಾಗುವುದರ ಜೊತೆಗೆ ಬೇರೂ ಕೊಳೆಯುತ್ತದೆ.

ಮಲ್ಲಿಗೆಯ ಕ್ರಮ

ಮಲ್ಲಿಗೆಯೆಂಬ ಒಂದೇ ಹೆಸರಿನಿಂದ ಹಲವು ಗಿಡಗಳನ್ನು ಕರೆಯುವುದುಂಟು. ವಸಂತಕ್ಕೆ ಮುಖ್ಯವಾದುದು ದುಂಡುಮಲ್ಲಿಗೆ. ಸೂಜಿಮಲ್ಲಿಗೆ ಅದರ ಹಿಂದೆಯೇ ಬರುತ್ತದೆ. ಜಾಜಿಗೆ ಮಳೆಗಾಲವೇ ಪ್ರಧಾನ. ಮೈಸೂರು, ಹಡಗಲಿ, ಉಡುಪಿ ಈ ಮೂರು ಸ್ಥಳಗಳ ಮಲ್ಲಿಗೆಗಳಿಗೂ ಸರ್ಕಾರದ ಭೌಗೋಳಿಕ ಗುರುತು ದೊರೆತಿದೆ. ಇವುಗಳಲ್ಲಿ ಉಡುಪಿಯ ಹತ್ತಿರದ ಶಂಕರಪುರದ ಬೆಳೆಯು ಹಿತ್ತಲಿನ ಬೆಳೆ ಎಂಬುದು ಗಮನಿಸತಕ್ಕ ವಿಷಯ. ಅಲ್ಲಿ ದೊಡ್ಡ ತೋಟಗಳಿಗಿಂತ ಮನೆಯ ಅಂಗಳ ಹಿತ್ತಲುಗಳಲ್ಲಿರುವ ಕೆಲವೇ ಗಿಡಗಳಿಂದ ಮೊಗ್ಗು ಬಿಡಿಸಿ, ಮನೆಯ ಹೆಂಗಸರೂ ಮಕ್ಕಳೂ ಕಟ್ಟಿ ಮಾರುತ್ತಾರೆ. ೮೦೦ ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವಿದ್ದು, ಅಟ್ಟೆಯ ಧಾರಣೆ ದಿನದಿನಕ್ಕೆ ಗೊತ್ತಾಗುತ್ತದೆ. ಮದುವೆಯ ತಿಂಗಳುಗಳಲ್ಲಿ ಮೊಗ್ಗಿಗೆ ಬೇಡಿಕೆ ಏರುವುದರಿಂದ, ಚೈತ್ರ ವೈಶಾಖಗಳಲ್ಲಿ ಬಿಡಿಸಿದ ಸೇರು ಮೊಗ್ಗು ಮನೆಯಾಕೆಯ ಸ್ವಂತ ಕೈಗಾವಲಿಗೆ ಒಂದು ಆಧಾರವಾಗುತ್ತದೆ. ಹಿತ್ತಲಿನ ಮಲ್ಲಿಗೆಯನ್ನು ಕೇವಲ ಅಲಂಕಾರವೆಂದು ತಳ್ಳಿಹಾಕುವವರು ಈ ಅಂಶವನ್ನು ನೆನಪಿಡಬೇಕು.

ದುಂಡುಮಲ್ಲಿಗೆಗೆ ದಿನದ ಬಹುಭಾಗ ಬಿಸಿಲು ಬೀಳಬೇಕು. ನೆರಳಿನಲ್ಲಿ ಬಳ್ಳಿ ಉದ್ದುದ್ದವಾಗಿ ಬೆಳೆಯುತ್ತದೆಯೇ ವಿನಾ ಮೊಗ್ಗು ಕಡಮೆ. ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಅಂತರವಿರತಕ್ಕದ್ದು. ಕಾರ್ತಿಕ ಮಾಸದಲ್ಲಿ ಕವಲಿನ ಬಾಯಿಗೆ ಇಟ್ಟಿಗೆ ಇಟ್ಟು ಎರಡು ಮೂರು ವಾರ ನೀರು ತಪ್ಪಿಸಬೇಕು. ಎಲೆ ಕಂದಿ ಕೆಳಗಿನವು ಉದುರಲಾರಂಭಿಸಿದರೆ ಗಾಬರಿಯಾಗಬೇಕಾದ್ದಿಲ್ಲ. ನವಂಬರು ತಿಂಗಳ ಕಡೆಯ ವಾರದಲ್ಲಿ ಹರಿತವಾದ ಕತ್ತರಿಯಿಂದ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಸ್ವಲ್ಪ ಮೇಲೆ, ಅಂದರೆ ಸುಮಾರು ೫೦ ಸೆಂಟಿಮೀಟರು ಎತ್ತರಕ್ಕೆ, ಸಮನಾಗಿ ಕತ್ತರಿಸಬೇಕು. ಒಣಗಿದ, ರೋಗ ತಾಕಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡಕ್ಕೇ ತೆಗೆಯಬೇಕು. ಹಲವು ಮನೆಗಳಲ್ಲಿ ಇಲ್ಲಿಯೇ ಕೈ ತಡೆಯುತ್ತದೆ. ಆಳೆತ್ತರ ಬೆಳೆದ ಗಿಡವನ್ನು ಮೊಣಕಾಲೆತ್ತರಕ್ಕೆ ಇಳಿಸಲು ಮನಸ್ಸು ಬಾರದೆ, ತುದಿಯನ್ನು ನಾಲ್ಕು ಬೆರಳು ಚಿವುಟಿ ಬಿಡುತ್ತಾರೆ. ಅಷ್ಟರಿಂದ ತುದಿಯಲ್ಲಿ ನಾಲ್ಕು ಹೂ ಬರುವುದೇ ಹೊರತು ಗಿಡವು ಬುಡದಿಂದ ಚಿಗುರುವುದಿಲ್ಲ.

ಕತ್ತರಿಸಿದ ಮೇಲೆ ಬುಡದ ಮಣ್ಣನ್ನು ಹಗುರವಾಗಿ ಅಗೆದು, ಗಿಡಕ್ಕೆ ೧೦ ಕಿಲೋಗ್ರಾಮಿನಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಹಾಕಬೇಕು. ಹಸಿಯ ಸಗಣಿ ಕೂಡದು. ಅದರಿಂದ ಗೊಣ್ಣೆಹುಳು ಹೆಚ್ಚುತ್ತದೆ. ಅಂಗಡಿಯ ಗೊಬ್ಬರವನ್ನು ಬಳಸುವವರು ಗಿಡವೊಂದಕ್ಕೆ ವರ್ಷಕ್ಕೆ ೬೦ ಗ್ರಾಂ ಸಾರಜನಕ, ೧೨೦ ಗ್ರಾಂ ರಂಜಕ, ೧೨೦ ಗ್ರಾಂ ಪೊಟ್ಯಾಷು ದೊರೆಯುವಂತೆ ಲೆಕ್ಕಹಾಕಿ, ಅದರಲ್ಲಿ ಅರ್ಧವನ್ನು ಈಗಲೂ ಉಳಿದರ್ಧವನ್ನು ಜೂನ್ ಜುಲೈ ತಿಂಗಳಿನಲ್ಲಿಯೂ ಕೊಡತಕ್ಕದ್ದು. ಗೊಬ್ಬರ ಹಾಕಿದ ದಿನವೇ ಇಟ್ಟಿಗೆಯನ್ನು ತೆಗೆದು ನೀರು ಬಿಡಬೇಕು. ಒಣಗಿ ಮಲಗಿದ್ದ ಗಿಡಕ್ಕೆ ಇದೇ ಹೂಮಳೆ. ಮೊಳೆತ ಚಿಗುರಿನಲ್ಲಿ ಮಾರ್ಚಿ ತಿಂಗಳ ವೇಳೆಗೆ ಮೊಗ್ಗು ಕಾಣತೊಡಗಿ, ಮಳೆ ಹಿಡಿಯುವವರೆಗೂ ಬರುತ್ತಿರುತ್ತದೆ. ಸೂಜಿಮಲ್ಲಿಗೆಯನ್ನು ಜನವರಿಯ ಕಡೆಯಲ್ಲಿಯೂ ಜಾಜಿಯನ್ನು ಡಿಸೆಂಬರಿನ ಕಡೆಯಲ್ಲಿಯೂ ಇದೇ ರೀತಿ ಕತ್ತರಿಸಬೇಕು.

ಈ ವರ್ಷ ಕತ್ತರಿಸಲು ಮರೆತವರು ಯುಗಾದಿಯ ಹೊತ್ತಿಗೆ ಎಚ್ಚೆತ್ತು ಕತ್ತಿ ಹಿಡಿಯಕೂಡದು. ಆಗ ಕತ್ತರಿಸಿದರೆ ಬರುವ ಅಲ್ಪಸ್ವಲ್ಪ ಹೂವೂ ಹೋಗಿ, ಬಿಸಿಲಿನ ತಾಪಕ್ಕೆ ಎಳೆಯ ಚಿಗುರು ಬಾಡುತ್ತದೆ. ಒಣಕಡ್ಡಿಗಳನ್ನು ಮಾತ್ರ ತೆಗೆದು ಮುಂದಿನ ಕಾರ್ತಿಕಕ್ಕೆ ಕಾಯುವುದೇ ಲೇಸು.

ಮೊಗ್ಗು ನೇರಿಳೆ ಬಣ್ಣಕ್ಕೆ ತಿರುಗಿ, ತೂತು ಬಿದ್ದು, ಒಂದಕ್ಕೊಂದು ನೂಲಿನಿಂದ ಅಂಟಿಕೊಂಡಿದ್ದರೆ ಅದು ಮೊಗ್ಗು ಕೊರೆಯುವ ಹುಳುವಿನ ಕೆಲಸ. ಹಿತ್ತಲಿನ ಹತ್ತು ಗಿಡಗಳಿಗೆ ವಿಷದ ಔಷಧವನ್ನು ತರುವ ಅಗತ್ಯವಿಲ್ಲ. ಅಂತಹ ಮೊಗ್ಗುಗಳನ್ನು ದಿನವೂ ಆರಿಸಿ ಒಲೆಗೆ ಹಾಕುವುದರಿಂದಲೂ, ಬುಡದ ಮಣ್ಣನ್ನು ಆಗಾಗ್ಗೆ ಕೆದಕಿ ಬಿಸಿಲಿಗೆ ಒಡ್ಡುವುದರಿಂದಲೂ ಅದು ಹತೋಟಿಗೆ ಬರುತ್ತದೆ. ಬಿರುಬಿಸಿಲಿನಲ್ಲಿ ಎಲೆಯ ಕೆಳಗೆ ಕೆಂಪು ನುಸಿ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ೨ ಗ್ರಾಮಿನಂತೆ ಬೆರಸಿ ಸಂಜೆಯ ವೇಳೆ ಸಿಂಪಡಿಸಬಹುದು. ಬೇವಿನೆಣ್ಣೆಯನ್ನು ಸಿಂಪಡಿಸಿದ ದಿನಗಳಲ್ಲಿಯೇ ಗಂಧಕವನ್ನು ಹಾಕಕೂಡದು, ಎಲೆ ಸುಡುತ್ತದೆ.

ಕೊಟ್ಟಿಗೆಯ ಬದಿ

ಹಿತ್ತಲಿನಲ್ಲಿ ಒಂದೇ ಒಂದು ಮಾವಿದ್ದರೆ ಅದು ಕೊಟ್ಟಿಗೆಯ ಹಿಂದೆ ಇರುವುದು ವಾಡಿಕೆ. ದನಗಳಿಗೆ ನೆರಳಾಗುತ್ತದೆಂಬುದು ನಿಜವೇ. ಆದರೆ ಕೊಟ್ಟಿಗೆ ತೊಳೆದ ನೀರು ಚಳಿಗಾಲದುದ್ದಕ್ಕೂ ಬುಡಕ್ಕೆ ಹರಿಯುವುದರಿಂದ ಮರವು ಮಾರ್ಗಶಿರದಲ್ಲಿಯೂ ಕೆಂಪು ತಳಿರು ಬಿಡುತ್ತ, ಪುಷ್ಯ ಮಾಘಗಳಲ್ಲಿ ಹೂ ತೆನೆಯನ್ನು ತಪ್ಪಿಸುತ್ತದೆ. ಹೂ ಬಿಡುವ ಕಾಲಕ್ಕೆ ಎರಡು ಮೂರು ತಿಂಗಳು ಮುಂಚಿನಿಂದ, ಎಂದರೆ ಅಕ್ಟೋಬರಿನಿಂದಲೇ, ಆ ನೀರನ್ನು ತಿಪ್ಪೆಯ ಗುಂಡಿಗೆ ತಿರುಗಿಸಬೇಕು. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮರಳಿ ನೀರು ಬಿಟ್ಟರೆ ಕಾಯಿ ಉದುರುವುದು ಕಡಮೆಯಾಗುತ್ತದೆ. ಮಾವಿನ ಕೊಂಬೆಗಳನ್ನು ಸವರಬೇಕಾದರೆ ಹಣ್ಣು ಬಿಡಿಸಿದ ಕೂಡಲೇ ಸವರಬೇಕು. ದಸರೆಯಾದ ಮೇಲೆ ಕೊಂಬೆ ಕಡಿಯುವುದು ಹೂವನ್ನೇ ಕಡಿದಂತೆ. ತೋರಣಕ್ಕೆ ನಾಲ್ಕು ಎಲೆ ಕೀಳುವುದರಿಂದ ಬಾಧಕವೇನೂ ಇಲ್ಲ.

ಮಾವಿನ ತೆನೆಗೆ ಜಿಗಿಹುಳುವೂ ಬೂದಿರೋಗವೂ ತಗಲುವುದುಂಟು. ಔಷಧವನ್ನು ತೆನೆ ಹೊರಡುವ ಮುನ್ನ ಅಥವಾ ಹೊರಡುತ್ತಿರುವಾಗ ಸಿಂಪಡಿಸಬೇಕಲ್ಲದೆ, ಹೂ ಪೂರ್ತಿ ಅರಳಿರುವಾಗ ಸಿಂಪಡಿಸಬಾರದು. ಮಾವಿನ ಹೂವಿಗೆ ಕಾಯಿ ಕಟ್ಟಿಸುವ ನೊಣಗಳೂ ಜೇನುಗಳೂ ಅದರಿಂದ ಸಾಯುತ್ತವೆ. ಹೂವನ್ನು ಉಳಿಸಿ ಕಾಯನ್ನು ಕಳೆದುಕೊಂಡಂತಾಗುತ್ತದೆ.

ಕೊಟ್ಟಿಗೆಯ ಬದಿಯಲ್ಲಿ ಯಾವ ಕಾರಣಕ್ಕೂ ನೆಡಕೂಡದ ಗಿಡವೊಂದುಂಟು. ಅದು ಕಣಗಿಲೆ. ದೇವರ ಪೂಜೆಗೆ ಒದಗುವುದರಿಂದಲೂ, ನೀರಿಲ್ಲದೆಯೂ ಬೇಸಗೆಯಲ್ಲಿ ಹೂ ಬಿಡುವುದರಿಂದಲೂ ಅದು ಬಹಳ ಮನೆಗಳಲ್ಲಿ ಮೆಚ್ಚಿನದು. ಆದರೆ ಅದರ ಎಲೆ, ತೊಗಟೆ, ಬೇರು ಎಲ್ಲವೂ ಘೋರ ವಿಷ. ಹಸಿಯ ಎಲೆ ಕಹಿಯಾಗಿರುವುದರಿಂದ ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯವಿರುವುದು ಕತ್ತರಿಸಿ ಎಸೆದ ಕೊಂಬೆಗಳಲ್ಲಿ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ. ಬೇಸಗೆಯಲ್ಲಿ ಮೇವಿಲ್ಲದೆ ಹಸಿದ ಹಸುವು ಹುಲ್ಲಿನೊಡನೆ ಬೆರೆತ ಒಣ ಎಲೆಗಳನ್ನು ತಿಂದರೆ ಹೃದಯ ಕುಗ್ಗಿ ಬೇಗನೆ ಸಾಯುತ್ತದೆ. ಎಲೆಗಳು ಸ್ವಲ್ಪವೇ ಆದರೂ ಸಾಕು. ಹಳದಿ ಕಣಗಿಲೆಯ ಬೀಜವು ಮನುಷ್ಯರಿಗೂ ಅಷ್ಟೇ ಅಪಾಯಕರ. ಮನೆಯಲ್ಲಿ ಇವು ಇರಲೇಬೇಕೆಂದಾದರೆ ಮಕ್ಕಳೂ ದನಗಳೂ ಸುಳಿಯದ ಕಡೆ ಇರಲಿ. ಸವರಿದ ಕಡ್ಡಿಗಳನ್ನು ಅದೇ ದಿನ ಹೂಳಬೇಕು. ಹೊಗೆಯೂ ಒಳ್ಳೆಯದಲ್ಲವಾದ್ದರಿಂದ ಒಲೆಗೆ ಹಾಕಬಾರದು.

ಬೇಲಿಯ ಮೂಲೆ

ಹೊಂಗೆ ಬೇವುಗಳನ್ನು ಹೂವಿನ ಗಿಡಗಳೆಂದು ಯಾರೂ ಎಣಿಸುವುದಿಲ್ಲ. ಅವುಗಳ ಹೂ ಮುಡಿಗೇರುವುದಿಲ್ಲವೆಂಬುದೇ ಅದಕ್ಕೆ ಕಾರಣವಿರಬಹುದು. ಆದರೆ ವಸಂತದ ಹಿತ್ತಲಿನಲ್ಲಿ ಇವುಗಳಿಗಿಂತ ಹೆಚ್ಚು ಉಪಕಾರಿಗಳಿಲ್ಲ. ಹೊಂಗೆಯು ಶಿಶಿರದಲ್ಲಿ ಎಲೆ ಉದುರಿಸಿ, ಕೆಲವೇ ದಿನಗಳಲ್ಲಿ ಹೊಳೆಯುವ ತಳಿರು ಹೊದ್ದು, ಅದರ ಸಂದಿನಲ್ಲಿ ಹೂ ಗೊಂಚಲು ಬಿಡುತ್ತದೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಮರದ ಕೆಳಗೆ ಉದುರಿದ ಹೂವಿನ ಹಾಸು ಬಿದ್ದಿರುತ್ತದೆ. ಬಯಲುಸೀಮೆಯಲ್ಲಿ ಬೇರೆ ಹೂವುಗಳು ವಿರಳವಾದ ಆ ಕಾಲಕ್ಕೆ ಜೇನುಹುಳುಗಳಿಗೆ ಹೊಂಗೆಯೇ ಅನ್ನಛತ್ರ. ಹೂವಾದ ಕಾಯಿ ಬಲಿತು ಬೀಜ ದೊರೆಯುವುದು ಮುಂದಿನ ಬೇಸಗೆಗೆ. ಸುಮಾರು ಹತ್ತು ಹನ್ನೊಂದು ತಿಂಗಳು ಕಾಯಬೇಕು.

ಹೊಂಗೆಯ ಸೊಪ್ಪು ಗದ್ದೆಗೆ ಉತ್ತಮ ಹಸುರುಗೊಬ್ಬರವೆಂಬುದು ನಿರ್ವಿವಾದ. ತೊಂದರೆಯಿರುವುದು ಸೊಪ್ಪು ಕಡಿಯುವ ಕ್ರಮದಲ್ಲಿ. ಬೇಸಗೆಯಲ್ಲಿ ಕೆಲಸ ಕಡಮೆಯಿರುವಾಗ ಆಳುಗಳನ್ನು ಬಿಟ್ಟು ಬೇಲಿಯ ಮರಗಳನ್ನೆಲ್ಲ ಒಂದೇ ಸಲ ಬೋಳು ಮಾಡಿಸಿದರೆ, ಆ ವರ್ಷದ ಹೂವೂ, ಮುಂದಿನ ವರ್ಷದ ಬೀಜವೂ, ಅಲ್ಲಿ ಕಟ್ಟಬೇಕಾಗಿದ್ದ ಜೇನೂ ಒಟ್ಟಿಗೆ ಹೋಗುತ್ತವೆ. ದನಗಳಿಗೆ ನೆರಳೂ ಇರುವುದಿಲ್ಲ. ಗದ್ದೆಗೆ ಸೊಪ್ಪು ಬೇಕಾಗುವುದು ನಾಟಿಯ ಕಾಲಕ್ಕೆ. ಆಗಲೇ, ಹೂ ಕಳೆದ ಮೇಲೆ, ಕಡಿಯಬೇಕು. ಅದರಲ್ಲಿಯೂ ಮರಗಳನ್ನು ಎರಡು ಪಾಲು ಮಾಡಿ ಒಂದು ವರ್ಷ ಒಂದು ಪಾಲನ್ನು ಕಡಿದು ಇನ್ನೊಂದನ್ನು ಬಿಟ್ಟರೆ, ಸೊಪ್ಪೂ ಬೀಜವೂ ಎರಡೂ ಉಳಿಯುತ್ತವೆ. ಊರಿನ ಗೋಮಾಳ, ಕೆರೆಯ ಏರಿ, ದಾರಿಯ ಬದಿಗಳಲ್ಲಿರುವ ಮರಗಳ ವಿಷಯದಲ್ಲಿ ಊರಿನ ಮುಖಂಡರ ಮಾತು ನಡೆಯುವುದರಿಂದ, ಮೊದಲು ಅವರ ಸ್ವಂತ ಬೇಲಿಯಲ್ಲಿ ಈ ಕ್ರಮ ಕಂಡರೆ ಉಳಿದವರೂ ಒಪ್ಪಿಯಾರು.

ಬೇವಿನ ಸ್ಥಿತಿಯೂ ಹೀಗೆಯೇ. ಯುಗಾದಿಯ ಸುಮಾರಿಗೆ ಹೂವಾಗುವ ಹೊತ್ತಿನಲ್ಲಿಯೇ ಆಡು ಕುರಿಗಳಿಗೆಂದು ಕೊಂಬೆ ಇಳಿಸುತ್ತಾರೆ. ಬಿಟ್ಟರೆ ಜೂನ್ ಜುಲೈ ತಿಂಗಳಲ್ಲಿ ಹಣ್ಣು ತಾನಾಗಿಯೇ ಉದುರುತ್ತದೆ. ಅದನ್ನು ಆಯ್ದು, ಸಿಪ್ಪೆ ತೆಗೆದು, ನೆರಳಿನಲ್ಲಿ ಒಣಗಿಸಿಟ್ಟುಕೊಂಡ ಬೀಜದ ತಿರುಳನ್ನು ೫ ಕಿಲೋಗ್ರಾಂ ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ ೧೦೦ ಲೀಟರಿಗೆ ತುಂಬಿದರೆ ತರಕಾರಿಯ ಹುಳುಗಳಿಗೆ ಹಿತ್ತಲಿನಲ್ಲಿಯೇ ಔಷಧ ಸಿದ್ಧವಾಯಿತು.

ಜೇನಿನ ಪೆಟ್ಟಿಗೆಯನ್ನು ಇಡುವವರಿಗೆ ಬೇಲಿಯ ಮೂಲೆಯ ಹೊಂಗೆಯ ನೆರಳೇ ಯೋಗ್ಯ ಸ್ಥಳ. ಕರ್ನಾಟಕದಲ್ಲಿ ೧೯೯೧-೯೨ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗ ಹಬ್ಬಿ ತುಡುವೆ ಜೇನಿನ ಕುಟುಂಬಗಳು ಬಹುಸಂಖ್ಯೆಯಲ್ಲಿ ನಾಶವಾದವು. ಆಮೇಲೆ ಅನೇಕರು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದಾರೆ. ರೋಗವನ್ನು ತಡೆದು ಉಳಿದ ಕುಟುಂಬಗಳಿಂದ ಮತ್ತೆ ವೃದ್ಧಿಯಾಗಿರುವುದರಿಂದ ಆ ಪೆಟ್ಟಿಗೆಗಳನ್ನು ಶುದ್ಧಮಾಡಿ ಕೆಳಗಿಳಿಸುವುದಕ್ಕೆ ಅಡ್ಡಿಯಿಲ್ಲ. ಬೇಸಗೆಯಲ್ಲಿ ಹತ್ತಿರದಲ್ಲೊಂದು ಆಳವಿಲ್ಲದ ಬಾನಿಯಲ್ಲಿ ಕಲ್ಲಿನ ಹರಳುಗಳನ್ನು ಹಾಕಿ ನೀರಿಟ್ಟರೆ ಹುಳುಗಳು ಮುಳುಗದೆ ಕುಡಿಯುತ್ತವೆ. ನೀರನ್ನು ದಿನವೂ ಬದಲಾಯಿಸಬೇಕು.

ಉಳಿದ ಕೆಲವು ಗಿಡಗಳು

ನುಗ್ಗೆಯನ್ನೂ ಬಚ್ಚಲ ಬಾಯಲ್ಲಿಯೇ ನೆಡುವುದು ವಾಡಿಕೆಯಾದರೂ ಅದು ಸರಿಯಲ್ಲ. ನೀರು ಹೆಚ್ಚಾದರೆ ಹೂ ಉದುರಿಹೋಗುತ್ತದೆ, ಕಾಂಡವೂ ಕೊಳೆಯುತ್ತದೆ. ಎತ್ತರದ, ನೀರು ಬಸಿದುಹೋಗುವ ಕಡೆ ಇರಲಿ. ಕಂಬಳಿಹುಳುವಿನ ಭಯದಿಂದ ನುಗ್ಗೆಯನ್ನು ಮನೆಗೆ ತಾಗಿಸಿ ನೆಡದಿರುವುದು ಹಿರಿಯರ ವಿವೇಕ. ಕರಿಬೇವು ಏಪ್ರಿಲ್ ಮೇ ತಿಂಗಳಲ್ಲಿ ಬಿಳಿಯ ಹೂಗೊಂಚಲು ಬಿಡುತ್ತದೆ. ಇದೊಂದರಲ್ಲಿ ಮಾತ್ರ ಹೂ ಕಂಡೊಡನೆ ಚಿವುಟಿ ಹಾಕಬೇಕು, ಬೇಕಾಗಿರುವುದು ಎಲೆಯಾದ್ದರಿಂದ.

ಸಂಪಿಗೆ ಮನೆಯ ಮುಂದಿನ ಮೂಲೆಗೆ ಶೋಭೆ. ಆದರೆ ಅದು ಗಿಡವಲ್ಲ, ದೊಡ್ಡ ಮರವೆಂಬುದನ್ನು ನೆಡುವ ದಿನವೇ ಮನಸ್ಸಿನಲ್ಲಿಟ್ಟುಕೊಂಡು ಗೋಡೆಯಿಂದ ಇಪ್ಪತ್ತು ಅಡಿಯಾದರೂ ದೂರ ಹೋಗಬೇಕು. ಬೀಜದ ಸಸಿಯಾದರೆ ಹೂವಿಗೆ ಎಂಟು ಹತ್ತು ವರ್ಷ ಕಾಯಬೇಕಾಗುತ್ತದೆ. ಕಸಿಯ ಗಿಡ ಎರಡು ಮೂರು ವರ್ಷಗಳಲ್ಲಿಯೇ ಹೂ ಬಿಡುತ್ತದೆ. ಮಲೆನಾಡು ಕರಾವಳಿಗಳವರಿಗೆ ಸುರಗಿಯ ಭಾಗ್ಯವಿದೆ. ಫೆಬ್ರವರಿ ಮಾರ್ಚಿಗಳಲ್ಲಿ ಕೊಂಬೆಗೇ ಅಂಟಿ ಬರುವ ಅದರ ಮೊಗ್ಗನ್ನು ಪೋಣಿಸಿ ಒಣಗಿಸಿಟ್ಟರೂ ಪರಿಮಳ ಹೋಗುವುದಿಲ್ಲ. ಬಯಲುಸೀಮೆಯಲ್ಲಿ ಅದನ್ನು ಬೆಳೆಸುವ ಪ್ರಯತ್ನ ವ್ಯರ್ಥಶ್ರಮ. ಪಾರಿಜಾತ ಶರತ್ಕಾಲದ್ದಾದುದರಿಂದ ಇಲ್ಲಿ ಅದರ ಪ್ರಸ್ತಾಪವಿಲ್ಲ.

೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ, ೧೯೦೮ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಜಿ. ಎಚ್. ಕೃಂಬಿಗಲ್ ಅವರು ಒಂದು ಮರದ ಹೂ ಮುಗಿಯುತ್ತಲೇ ಇನ್ನೊಂದು ಅರಳುವಂತೆ ನಗರದ ಬೀದಿಗಳಲ್ಲಿ ಮರಗಳನ್ನು ಆರಿಸಿ ನೆಡಿಸಿದರು. ಅಷ್ಟು ವಿಸ್ತಾರವಿಲ್ಲದ ಹಿತ್ತಲಿನಲ್ಲಿಯೂ ಆ ಉಪಾಯ ನಡೆಯುತ್ತದೆ. ಪುಷ್ಯ ಮಾಘಗಳಲ್ಲಿ ಮಾವು, ಫಾಲ್ಗುಣದಲ್ಲಿ ನುಗ್ಗೆ, ಚೈತ್ರದಲ್ಲಿ ಹೊಂಗೆ ಬೇವು ಮಲ್ಲಿಗೆ, ವೈಶಾಖದಲ್ಲಿ ಸಂಪಿಗೆ, ಹೀಗೆ ಸಾಲಾಗಿ ಬಂದರೆ ಜೇನಿಗೂ ಮನೆಗೂ ಮಳೆಗಾಲ ಮುಟ್ಟುವವರೆಗೆ ಹೂವಿನ ಕೊರತೆಯಿಲ್ಲ. ಇದ್ದ ಸ್ಥಳ ಕಿರಿದಾದರೆ ಸಂಪಿಗೆಯನ್ನು ಬಿಡಬಹುದು. ಮಲ್ಲಿಗೆ ಹೊಂಗೆಗಳನ್ನು ಬಿಡಕೂಡದು.

ಹೊಸದಾಗಿ ಮಲ್ಲಿಗೆ ಮಾಡಬೇಕೆನ್ನುವವರು ಸಸಿಯನ್ನು ಕೊಂಡು ತರುವ ಅವಶ್ಯಕತೆಯಿಲ್ಲ. ಹೂ ಚೆನ್ನಾಗಿ ಬಿಟ್ಟ ಗಿಡವನ್ನು ಈ ವಸಂತದಲ್ಲಿಯೇ ಗುರುತುಹಾಕಿಟ್ಟು, ಜೂನ್ ಜುಲೈ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಅದರ ಬಲಿತ ಬಳ್ಳಿಯೊಂದನ್ನು ನೆಲಕ್ಕೆ ಬಗ್ಗಿಸಬೇಕು. ಗಿಣ್ಣಿನ ಕೆಳಗೆ ಚಾಕುವಿನಿಂದ ಓರೆಯಾಗಿ ಗಾಯಮಾಡಿ, ಆ ಭಾಗವನ್ನು ನಾಲ್ಕು ಅಂಗುಲ ಮಣ್ಣಿನಲ್ಲಿ ಹೂತು, ಮೇಲೆ ಕಲ್ಲೊಂದನ್ನು ಹೇರಿ, ತುದಿಯನ್ನು ಹೊರಕ್ಕೆ ಬಿಡಬೇಕು. ಸುಮಾರು ಮೂರು ತಿಂಗಳಲ್ಲಿ ಬೇರು ಬರುತ್ತದೆ. ಆಮೇಲೆ ತಾಯಿಗಿಡದ ಕಡೆಗೆ ಕತ್ತರಿಸಿ, ಒಂದೂವರೆ ಅಡಿಯ ಗುಂಡಿಯಲ್ಲಿ ಗೊಬ್ಬರ ಮಣ್ಣುಗಳನ್ನು ಬೆರಸಿ ತುಂಬಿ ನೆಡತಕ್ಕದ್ದು. ಆ ಸಸಿಯನ್ನು ಮೊದಲ ಕಾರ್ತಿಕದಲ್ಲಿ ಕತ್ತರಿಸಬೇಕಾದ್ದಿಲ್ಲ, ನೀರು ತಪ್ಪಿಸಲೂಬಾರದು. ಮೊದಲ ಚೈತ್ರದಲ್ಲಿ ನಾಲ್ಕಾರು ಮೊಗ್ಗು ಕಂಡರೆ ಚಿವುಟಿ ತೆಗೆದು, ಗಿಡವು ಬೇರೂರಿ ಕವಲೊಡೆಯಲು ಬಿಡಬೇಕು. ಎರಡನೆಯ ಕಾರ್ತಿಕದಿಂದ ಮೇಲೆ ಹೇಳಿದ ಕ್ರಮವನ್ನು ಆರಂಭಿಸಬಹುದು.